ಹತ್ತಡಿಗೆ ಒಂದಿಂಚು

ಗಡಹಿಂಗ್ಲಜದ ಶಂಕರಲಿಂಗ ಗೌಂಡಿ ಕಲಿತದ್ದು ನಾಲ್ಕನೇ ಇಯತ್ತೆ; ನಲವತ್ತು ವರ್ಷದಲ್ಲಿ ಕಟ್ಟಿದ್ದು ಮಾತ್ರ ನೂರಾರು ಮನೆ. ಅವನು ಕಟ್ಟಿದ ಮಾಳಿಗೆಯ ಮೇಲೆ ಮಳೆನೀರು ನಿಂತದ್ದನ್ನು ಯಾರೂ ಕಂಡಿಲ್ಲ. ಹತ್ತಡಿಗೆ ಒಂದಿಂಚು ಇಳಿಜಾರು, ಅದು ಅವನ ಲೆಕ್ಕ. ದೇವರು ಬಂದು ಕೇಳಿದರೂ ಅದರಲ್ಲಿ ನೂಲೆಳೆಯಷ್ಟು ಹೆಚ್ಚುಕಡಿಮೆ ಮಾಡುವ ಆಸಾಮಿಯಲ್ಲ.

ಅವನ ತಲೆಗೆ ಹುಳ ಬಿಟ್ಟವಳು ಮಗಳು ಸ್ನೇಹಲ, ಕೊಲ್ಹಾಪುರದಲ್ಲಿ ವಿಜ್ಞಾನದ ಟೀಚರು. ಎರಡು ಸಾವಿರ ವರ್ಷದ ಹಿಂದೆ ಈಜಿಪ್ತದಲ್ಲಿ ಒಬ್ಬ ಗ್ರೀಕ್ ಪಂಡಿತ ಎರಡು ಊರಿನ ನಡುಹಗಲಿನ ನೆರಳು ಹೋಲಿಸಿ ಭೂಮಿಯನ್ನೇ ಅಳೆದಿದ್ದನಂತೆ. “ಅಂವಗ ಆಗಿದ್ದು ನಮಗ್ಯಾಕ ಆಗೂದಿಲ್ಲ?” ಎಂದ ಶಂಕರಲಿಂಗ. ಮೇ ತಿಂಗಳ ಮೊದಲ ವಾರ ಒಂದು ದಿನ ಗಡಹಿಂಗ್ಲಜದಲ್ಲಿ ಸೂರ್ಯ ನೇರ ನೆತ್ತಿಗೆ ಬರುತ್ತಾನೆ. ನೆಟ್ಟ ಕಬ್ಬಿಣದ ಸಳಿಗೆ ನೆರಳೇ ಇರುವುದಿಲ್ಲ. ಅದೇ ಹೊತ್ತಿಗೆ, ಐವತ್ಮೂರು ಕಿಲೋಮೀಟರು ಉತ್ತರದ ಕೊಲ್ಹಾಪುರದಲ್ಲಿ, ಸ್ನೇಹಲಳ ಮನೆಯ ಮಾಳಿಗೆಯ ಮೇಲೆ ನೆಟ್ಟ ಹತ್ತಡಿ ಸಳಿಗೆ ತುಸು ನೆರಳು ಬೀಳುತ್ತದೆ. ಆ ತುಸುವೇ ಭೂಮಿಯ ಬಾಗು.

ಹೋದ ವರ್ಷ ಅಳೆದಾಗ ನೆರಳು ಎರಡಿಂಚು ಬಂತು. ಲೆಕ್ಕ ಹಾಕಿದರೆ ಭೂಮಿ ಇರುವುದಕ್ಕಿಂತ ಅರ್ಧ! ಚಹಾದಂಗಡಿಯ ಆಬಾಸಾಹೇಬ ವರ್ಷವಿಡೀ ಬಿಡಲಿಲ್ಲ: “ಗೌಂಡ್ಯಾರ, ಉಳಿದರ್ಧ ಭೂಮಿ ಎಲ್ಲಿ ಮುಚ್ಚಿಟ್ಟೀರಿ?” ನಗುತ್ತಲೇ ಚಹಾ ಕುಡಿದರೂ ಶಂಕರಲಿಂಗನಿಗೆ ಆ ಮಾತು ನಾಟಿತು. ಅವನ ಅಳತೆ ತಪ್ಪಿತು ಎಂದು ಊರು ಆಡಿಕೊಂಡದ್ದು ಅದೇ ಮೊದಲು.

ಈ ವರ್ಷ ಮತ್ತೆ ಆ ದಿನ ಬಂತು. ಗಡಿಯಾರದಲ್ಲಿ ಹನ್ನೆರಡೂಕಾಲು, ಸೂರ್ಯ ನೆತ್ತಿಗೆ ಬರಲು ಇನ್ನು ಕಾಲು ತಾಸು. ಅಂಗಳದಲ್ಲಿ ಸಳಿ, ಕೈಯಲ್ಲಿ ಫೋನು, ಪಕ್ಕದಲ್ಲಿ ಹೆಂಡತಿ ಚನ್ನವ್ವ, ಕಟ್ಟೆಯ ಮೇಲೆ ತಮಾಷೆ ನೋಡಲು ಬಂದ ಆಬಾಸಾಹೇಬ.

“ಸಳಿ ನೆಟ್ಟಗ ನಿಲ್ಲಿಸೀದಿ ಇಲ್ಲೋ?” ಶಂಕರಲಿಂಗ ಫೋನಿನಲ್ಲಿ ಮಗಳನ್ನು ಕೇಳಿದ.

“ಹೋದ ವರ್ಷದಂಗ ನಿನ್ನ ಗುಣ್ಯಾ ಹಚ್ಚೇನಿ ಅಪ್ಪಾ. ಮಾಳಿಗಿ ನೆಲಕ್ಕ ಬರೋಬ್ಬರಿ ಲಂಬ ಐತಿ.”

ಗುಣ್ಯಾ ಅಂದರೆ ಗೌಂಡಿಗಳ ಮೂಲೆಮಟ್ಟ. ಶಂಕರಲಿಂಗ ಹಣೆ ಹಣೆ ಬಡಿದುಕೊಂಡ. ಆ ಮಾಳಿಗೆ ಕಟ್ಟಿದವನು ತಾನೇ! ಉತ್ತರಕ್ಕೆ ಹತ್ತಡಿಗೆ ಒಂದಿಂಚು ಇಳಿಜಾರು ಕೊಟ್ಟವನೂ ತಾನೇ. ನೆಲದ ಜೊತೆಗೆ ಸಳಿಯೂ ವಾಲಿ, ನೆರಳಿಗೆ ಒಂದಿಂಚು ಸುಳ್ಳೇ ಸೇರಿತ್ತು.

“ಗುಣ್ಯಾ ಒಗಿ! ದಾರಕ್ಕ ಒಂದು ಕೀಲಿ ಕಟ್ಟಿ ಇಳಿಬಿಡು. ದಾರ ಹೆಂಗ ನಿಲ್ಲತೈತಿ, ಸಳಿ ಹಂಗ ನಿಲ್ಲಿಸು. ಲಗೂ!”

ಪಿರಾಮಿಡ್ ಕಟ್ಟಿದ ಗೌಂಡಿಗಳು ನೆಚ್ಚಿದ್ದೂ ಇದೇ ದಾರ, ಇದೇ ತೂಕ. ಇತ್ತ ಅಂಗಳದ ನೆರಳು ಕುಗ್ಗಿ ಕುಗ್ಗಿ ಸಳಿಯ ಬುಡ ಸೇರಿತು. “ಹೋತು!” ಎಂದು ಚನ್ನವ್ವ ಚಪ್ಪಾಳೆ ತಟ್ಟಿದಳು. ಫೋನಿನಲ್ಲಿ ಸ್ನೇಹಲಳ ಏದುಸಿರು: “ಅಪ್ಪಾ, ಒಂದಿಂಚು! ಒಂದ ಇಂಚು!”

ಹತ್ತಡಿ ಅಂದರೆ ನೂರಿಪ್ಪತ್ತು ಇಂಚು. ಸಳಿಗೆ ನೆರಳು ಎಷ್ಟನೇ ಪಾಲೋ, ಭೂಮಿಯ ನಡುಮಧ್ಯದವರೆಗಿನ ಆಳಕ್ಕೆ ಎರಡೂರಿನ ಅಂತರವೂ ಅಷ್ಟನೇ ಪಾಲು. ಅವಳು ಐವತ್ಮೂರನ್ನು ನೂರಿಪ್ಪತ್ತರಿಂದ ಗುಣಿಸಿದಳು. ಭೂಮಿಯ ನಡುಮಧ್ಯಕ್ಕೆ ಆರು ಸಾವಿರದ ಮುನ್ನೂರ ಅರವತ್ತು ಕಿಲೋಮೀಟರು. ಪುಸ್ತಕದ ಅಂಕಿಗೆ ಹತ್ತು ಹನ್ನೊಂದಷ್ಟೇ ಕಡಿಮೆ.

ಶಂಕರಲಿಂಗನ ಕಣ್ಣು ತುಂಬಿ ಬಂತು, ಮೀಸೆಯಡಿ ನಗು ಒಡೆಯಿತು.

“ಆಬಾಸಾಹೇಬ್ರ, ನಿಮ್ಮ ಅರ್ಧ ಭೂಮಿ ಸಿಕ್ಕತು ನೋಡ್ರಿ. ಇಲ್ಲಿಂದ ಕೊಲ್ಹಾಪುರಕ್ಕ ಹತ್ತಡಿಗೆ ಒಂದಿಂಚು ಇಳಿಜಾರು. ಈ ಭೂಮಿ ಕಟ್ಟಿದಾಂವನೂ ನನ್ನಂಗ ಗೌಂಡೀನ ಇರಬೇಕು!”