ನೀರಿನಲ್ಲಿ ಹೊರಟ ಹತ್ತಿ

ಎಪ್ಪತ್ತರ ದಶಕದ ಒಂದು ಬೇಸಿಗೆ. ಶಿವರಾತ್ರಿ ಕಳೆದು ಬಿಸಿಲು ಚುರುಕಾಗಿತ್ತು. ತೊಡೆಯ ಮೇಲೆ ಗಾಜಿನ ಭರಣಿ ಇಟ್ಟುಕೊಂಡು ಧಾರವಾಡ ಬಿಟ್ಟೆ. ಹುಬ್ಬಳ್ಳಿಯಲ್ಲಿ ಬೆಂಗಳೂರು ಕಡೆಯ ಪ್ಯಾಸೆಂಜರ್ ಹತ್ತಿದೆ. ಎದುರಿಗೆ ಗುಡಗೇರಿ ಸಂತೆಗೆ ಹೊರಟ ಕಾಳಿನ ವ್ಯಾಪಾರಿಯೊಬ್ಬರು ಕೂತಿದ್ದರು. ಅವರ ಕಣ್ಣೆಲ್ಲ ಭರಣಿಯ ಮೇಲೆ.

“ಏನ್ರಿ ಅದು?”

“ಹತ್ತಿ ರೀ.”

“ಹತ್ತೀನ ನೀರಾಗ ಯಾಕ ಹಾಕೀರಿ? ತೋಯ್ದ ಹತ್ತಿಗೆ ಯಾರ ರೇಟು ಕೊಡ್ತಾರ್ರಿ?”

ನಗು ತಡೆಯಲಾಗಲಿಲ್ಲ. ಆ ಹತ್ತಿಯನ್ನು ತಾಮ್ರದ ನೀಲಿ ದ್ರಾವಣದಲ್ಲಿ ಕರಗಿಸಿ, ಆಮ್ಲದಲ್ಲಿ ಮತ್ತೆ ಗಟ್ಟಿಯಾಗಿಸಿ, ನೀಲಿ ಬಿಡುವವರೆಗೆ ತೊಳೆದಿದ್ದೆ. ಉಳಿದದ್ದು ಆರಿದ ಗಂಜಿಯಂಥ ತೆಳು ಬಿಲ್ಲೆಗಳು. ಒಳಗೆ ಹತ್ತಿಯ ಅತಿ ಸಣ್ಣ ಎಳೆಗಳು ಹೇಗೆ ಹೆಣೆದುಕೊಂಡು ಅಷ್ಟು ನೀರು ಹಿಡಿದಿವೆ ಎಂಬುದೇ ನನ್ನ ಸಂಶೋಧನೆ. ಬಿಲ್ಲೆಗೆ ಕ್ಷ-ಕಿರಣ ಹಾಯಿಸಿದರೆ ಅದು ಚದುರಿ ಹಿಂದೆ ಇಟ್ಟ ಫಿಲ್ಮಿನ ಮೇಲೆ ಗುರುತು ಬೀಳುತ್ತದೆ. ಆದರೆ ಬಿಲ್ಲೆ ಒಣಗಿದರೆ ಎಳೆಗಳು ಒಂದಕ್ಕೊಂದು ಅಂಟಿ ಎಲ್ಲ ಮುಗಿಯಿತು. ಬೆಂಗಳೂರಿನ ಕ್ಷ-ಕಿರಣ ಯಂತ್ರ ನಮಗೆ ಸಿಕ್ಕಿದ್ದು ಒಂದೇ ದಿನ, ಅದೂ ನಮ್ಮ ಗುರುಗಳು ಕಾಡಿಬೇಡಿದ ಮೇಲೆ.

ಆದರೂ, ಕೈಯಲ್ಲಿ ಒಂದು ದಿನ ಹೆಚ್ಚಿಗೆ ಇದ್ದುದರಿಂದ, ಕುಂದಗೋಳದಲ್ಲಿ ಇಳಿದು ಯರಗುಪ್ಪಿಯ ಬಸ್ಸು ಹಿಡಿದೆ. ಹತ್ತಿ ಅಲ್ಲಿಯ ಚಿಗವ್ವನ ಹೊಲದ್ದು. ತಾಯಿಯಿಲ್ಲದ ನನ್ನನ್ನು ಬೆಳೆಸಿದ ಆ ಚಿಕ್ಕಮ್ಮನಿಗೆ ತೋರಿಸದೆ ಮುಂದೆ ಹೋಗಲು ಮನಸ್ಸಾಗಲಿಲ್ಲ. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿ ಅವಳು ಭರಣಿಯನ್ನು ದೀಪಕ್ಕೆ ಹಿಡಿದಳು.

“ನಮ್ಮ ಹೊಲದ ಹತ್ತಿನ ಹಿಂಗಾತೇನ ಬೇ!” ಎಂದು ನನ್ನ ಗಲ್ಲ ಸವರಿದಳು.

ಮರುದಿನ ಎದ್ದಾಗ ಹೊತ್ತೇರಿತ್ತು. ಭರಣಿ ಇಟ್ಟಲ್ಲಿ ಇರಲಿಲ್ಲ. ಮಾಳಿಗೆ ಹತ್ತಿದರೆ, ಹಳೆ ಸೀರೆಯ ಮೇಲೆ ಸಂಡಿಗೆಯ ಸಾಲಿನ ಪಕ್ಕ ನನ್ನ ಬಿಲ್ಲೆಗಳು ಮುರುಟಿ ಬಿದ್ದಿದ್ದವು.

“ಹಸೀದು ಒಯ್ದರ ದಾರ್ಯಾಗ ಹಳಸತಾವು ಅಂತ ನಸಿಕಿನ್ಯಾಗ ಹಾಕೀನಿ. ಒಣಗಿದ್ರ ವರ್ಷಗಟ್ಟಲೆ ಇರ್ತಾವು,” ಎಂದಳು ಚಿಗವ್ವ, ಹೆಮ್ಮೆಯಿಂದ.

ಅಲ್ಲೇ ಕೂತು ಅತ್ತುಬಿಟ್ಟೆ. ವಿಷಯ ತಿಳಿದು ಅವಳ ಮುಖ ಬಾಡಿತು. ನನ್ನನ್ನು ಎದೆಗೆಳೆದುಕೊಂಡು ಮೆಲ್ಲಗೆ ಹೇಳಿದಳು: “ಭರಣ್ಯಾಗ ಇನ್ನೂ ಒಂದು ಐತಿ ನೋಡು. ಅಗದಿ ಬರಿದು ಮಾಡಬಾರದಂತ ಬಿಟ್ಟೀನಿ.”

ನಮ್ಮ ಮನೆಯ ಪದ್ಧತಿ ಅದು. ಹಿಟ್ಟಿನ ಡಬ್ಬಿಯಿರಲಿ, ಎಣ್ಣೆಯ ಗಿಂಡಿಯಿರಲಿ, ತಳ ಕಾಣುವಂತೆ ತೆಗೆಯುವುದಿಲ್ಲ. ಅಡುಗೆಮನೆಗೆ ಓಡಿದೆ. ತಂಪು ಮೂಲೆಯಲ್ಲಿ, ನೀರಿನೊಳಗೆ ಒಂದೇ ಬಿಲ್ಲೆ ಹಾಯಾಗಿತ್ತು.

ಬೆಂಗಳೂರಿನಲ್ಲಿ ಮೊದಲು ಆ ಹಸಿ ಬಿಲ್ಲೆಗೆ ಕಿರಣ ಹಾಯಿಸಿದೆವು. ಆಮೇಲೆ, ಹೇಗೂ ತಂದಿದ್ದೇನಲ್ಲ ಎಂದು, ಒಣಗಿದ್ದಕ್ಕೂ. ಹಸಿಯದರ ಫಿಲ್ಮಿನಲ್ಲಿ ನಡುವಿನ ಸುತ್ತ ಕಪ್ಪು ಮಬ್ಬು ಹರಡಿತ್ತು: ಎಳೆಗಳ ಸಂದಿನಲ್ಲಿ ನೀರು ನಿಂತ ಗುರುತು. ಒಣಗಿದ್ದರಲ್ಲಿ ಅದು ಬಹಳಷ್ಟು ಅಳಿದಿತ್ತು. ಎರಡನ್ನೂ ಒಟ್ಟಿಗೆ ನೋಡಿದಾಗಲೇ ಆ ಸಂದುಗಳನ್ನು ನೀರೇ ತೆರೆದು ಹಿಡಿದಿಟ್ಟಿತ್ತೆಂದು ನನಗೆ ತಿಳಿಯಿತು.

ಮರಳುವಾಗ ಮತ್ತೆ ಯರಗುಪ್ಪಿಗೆ ಹೋದೆ. ಚಿಗವ್ವ ಬಾಗಿಲಲ್ಲೇ ಅಳುಕುತ್ತ ನಿಂತಿದ್ದಳು.

“ನಿನಗ ಬೇಕಾದ್ದು ಸಿಕ್ತೇನ ಬೇ?”

“ಸಿಕ್ತು ಚಿಗವ್ವಾ. ನೀ ಉಳಿಸಿದ್ದೂ ಬೇಕಾತು, ನೀ ಒಣಗಿಸಿದ್ದೂ ಬೇಕಾತು.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಹೊರಡುವಾಗ ಭರಣಿಯನ್ನು ತೊಳೆದು ಒರೆಸಿ ಚೀಲದಲ್ಲಿಟ್ಟಳು. ಬಸ್ಸು ಊರು ದಾಟಿದ ಮೇಲೆ ತೆಗೆದು ನೋಡಿದೆ. ತಳದಲ್ಲಿ ಬೀಜ ತೆಗೆದು ಹಿಂಜಿದ ಹೊಸ ಹತ್ತಿ, ಒಂದು ಹಿಡಿ ಇತ್ತು.