ಕಾಡುಮಂದಿಯ ಪಾರ್ಟು

ಮೂರನೇ ಇಯತ್ತೆಯಲ್ಲಿದ್ದ ನನ್ನ ಮಗಳು ಶಾಲೆಯಿಂದ ಬಂದವಳೇ "ಹುರ್ರಾ ಬೂಂಗಾ, ಹುರ್ರಾ ಬೂಂಗಾ" ಎಂದು ಅಡುಗೆಮನೆಯಲ್ಲಿ ಕುಣಿಯತೊಡಗಿದಳು. ಶಾಲೆಯ ವರ್ಷದ ಗ್ಯಾದರಿಂಗಿಗೆ ನಾಟಕವಂತೆ. ಯಾವುದೋ ಕಾರ್ಟೂನಿನಿಂದ ಎತ್ತಿದ ಕಥೆ. ಬಿಳಿ ಸಾಹೇಬರು ಕಾಡಿಗೆ ಹೋಗುತ್ತಾರೆ, ಕರಿಮಂದಿ ಅವರನ್ನು ಹಿಡಿದು ಹಂಡೆಯಲ್ಲಿ ಬೇಯಿಸಲು ಹೊರಡುತ್ತಾರೆ. ಆ ಕರಿಮಂದಿಯ ನಾಯಕಿ ನನ್ನ ಮಗಳು.

"ನಿನಗ ಮಸಿ ಹಚ್ಚೂದ ಬ್ಯಾಡ, ನೀ ಮೊದಲs ಕರ್ರಗ ಅದಿ, ಹಂಗs ನಡೀತೈತಿ ಅಂದ್ರು ಟೀಚರ್," ಎಂದಳು, ಅದೂ ಹೆಮ್ಮೆಯಿಂದ. ನನ್ನ ಮೈಯೆಲ್ಲ ಉರಿದುಹೋಯಿತು.

ಮರುದಿನ ಪಾಲಕರ ಸಭೆ. ನಮ್ಮ ಶೇಡಬಾಳದವರ ಬುದ್ಧಿ ಏನು ಹೇಳಲಿ! ಹಿರಿಯರೊಬ್ಬರು ಎದ್ದು, "ಮನಷ್ಯಾನ್ನ ಬೇಸೂದಂದ್ರ ಹಿಂಸಾ ಆಗತೈತ್ರಿ, ನಮ್ಮ ಜೈನರ ಮಕ್ಕಳೂ ಅದರಾಗ ಅದಾರ," ಎಂದರು. ನಾವೂ ಜೈನರೇ, ಒಪ್ಪಿದೆ. ಹಾಗಾದರೆ ಹಂಡೆಯಲ್ಲಿ ಏನು ಬೇಯಬೇಕು? ಬಟಾಟೆ ಎಂದರು ಒಬ್ಬರು. ಛೇ ಛೇ, ನೆಲದೊಳಗಿನ ಗಡ್ಡೆ ಜೈನರಿಗೆ ನಡೆಯುವುದಿಲ್ಲ ಎಂದರು ಇನ್ನೊಬ್ಬರು. ಹೂಕೋಸಿನಲ್ಲಿ ಹುಳ ಇರುತ್ತದಂತೆ. ಅರ್ಧ ತಾಸು ತಲೆ ಕೆಡಿಸಿಕೊಂಡು ಕೊನೆಗೆ ಕುಂಬಳಕಾಯಿಗೆ ಬಂದು ನಿಂತರು. ನರಭಕ್ಷಕರನ್ನೂ ಶುದ್ಧ ಶಾಕಾಹಾರಿಗಳನ್ನಾಗಿ ಮಾಡಿದ ಪುಣ್ಯಾತ್ಮರು! ಆ ಮಸಿಯಾಗಲಿ ಆ ಬೂಂಗಾ ಭಾಷೆಯಾಗಲಿ ಒಬ್ಬರಿಗೂ ಹಿಂಸೆ ಅನ್ನಿಸಲಿಲ್ಲ.

ನಾನು ಎದ್ದು ನಿಂತೆ. "ಹಿಂಗ ಮಾತಾಡೂ ಮಂದಿ ಎಲ್ಲಿ ಅದಾರ್ರಿ? ನೀವ್ ನೋಡೀರೇನು?"

"ಕಾರ್ಟೂನ್‌ದಾಗ ಹಂಗ ತೋರಸ್ತಾರಲ್ರೀ ಬಾಯಾರ," ಎಂದು ಟೀಚರ್ ನಕ್ಕರು. ಭಾರೀ ಪುರಾವೆ! ಉಳಿದವರೂ ಹಲ್ಲು ಕಿಸಿದರು.

"ನನ್ನ ಮಗಳಂತೂ ಈ ಪಾರ್ಟ್ ಮಾಡಂಗಿಲ್ಲ," ಎಂದೆ.

"ಆತ್ ಬಿಡ್ರಿ, ಬ್ಯಾರೆ ಹುಡುಗೀನ್ ಹಾಕ್ತೀವಿ."

ಗೆದ್ದೆನೆಂದು ಬೀಗುತ್ತ ಮನೆಗೆ ಬಂದೆ.

ಗ್ಯಾದರಿಂಗಿನಲ್ಲಿ ನನ್ನ ಮಗಳು ಮುಖದ ತುಂಬ ಪೌಡರ್ ಬಳಿದುಕೊಂಡು ಸಾಹೇಬರ ಸಾಲಿನಲ್ಲಿದ್ದಳು. ನಾಯಕಿಯಾಗಿ ಬಂದವಳು ಕಬ್ಬು ಕಡಿಯುವ ಗ್ಯಾಂಗಿನ ಲಂಬಾಣಿ ಹುಡುಗಿ. ಪಾಲಕರ ಸಭೆಗೆ ಅವಳ ಕಡೆಯವರು ಯಾರೂ ಬಂದಿರಲಿಲ್ಲ. ಕುಂಬಳಕಾಯಿಯ ಹಂಡೆಯ ಮುಂದೆ ನಿಂತು ಅವಳು ಏನೋ ಉದ್ದಕ್ಕೆ ಒದರಿದಳು. ಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ಬೂಂಗಾಕ್ಕಿಂತ ಇದೇ ಮಜವಾಗಿದೆ ಎಂದು ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಗಳು ಪಾರಾದಳಲ್ಲ, ಇನ್ನೇನು ಚಿಂತೆ?

ಮನೆಗೆ ಬರುವಾಗ ಮಗಳನ್ನು ಕೇಳಿದೆ, "ಅಕೀಗೆ ಆ ಮಾತು ಯಾರ್ ಕಲಿಸಿದ್ರು?"

"ಯಾರೂ ಕಲಿಸಿಲ್ಲವ್ವಾ. ‘ನಿಮ್ಮ ಮನ್ಯಾಗಿನ ಮಾತs ಆಡು, ಯಾರಿಗೂ ತಿಳ್ಯಂಗಿಲ್ಲ, ಅದs ನಡೀತೈತಿ’ ಅಂದ್ರು ಟೀಚರ್ ಅಕೀಗೆ. ಅಕಿ ಅವ್ವ ಮಂದಿ ಹಿಂದ ನಿಂತಿದ್ಲಲ್ಲ, ಅಕೀನ್ನ ಕರದ್ಲಂತ. ‘ಅವ್ವಾ, ನಾ ಇಲ್ಲಿ ಅದೀನಿ, ನನ್ನ ನೋಡು’ ಅಂದ್ಲಂತ."