ಕೊನೆಯ ಬೆಂಚಿನ ಅತ್ತೆ

ಬೀದಿಯವರೆಲ್ಲ ಆಕೆಯನ್ನು ಕರೆಯುತ್ತಿದ್ದುದು ಕನ್ನಡಕದಕ್ಕ ಎಂದು. ಮನೆಯ ಕೆಳಗೇ ಇದ್ದ ಕನ್ನಡಕದಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷಿಸಿ, ಗಾಜು ಬದಲಿಸಿ ಬದಲಿಸಿ, "ಈಗ ಚೆನ್ನಾಗಿ ಕಾಣ್ಸುತ್ತಾ, ಮೊದಲಿಂದು ಚೆನ್ನಾಗಿತ್ತಾ?" ಎಂದು ಕೇಳುವುದು ಆಕೆಯ ಕೆಲಸ. ವಯಸ್ಸು ನಲವತ್ತು ದಾಟಿತ್ತು. ಗಂಡ ಕಾರು ಓಡಿಸುವುದನ್ನು ಕಲಿಸುವವರು. ಕಲಿಯುವವರ ಪಕ್ಕ ಕೂತು, ತಮ್ಮ ಕಾಲಬುಡದಲ್ಲಿರುವ ಇನ್ನೊಂದು ಬ್ರೇಕನ್ನು ಸದಾ ಒತ್ತುತ್ತಲೇ ಇರುತ್ತಿದ್ದುದರಿಂದ ಅವರಿಗೆ ಬ್ರೇಕ್ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಮಗಳು ಬೇರೆ ಊರಿನ ಹಾಸ್ಟೆಲಿನಲ್ಲಿದ್ದಳು. ಮನೆಯಲ್ಲಿ ಉಳಿದವರು ಇವರಿಬ್ಬರು, ಮತ್ತು ಅತ್ತೆ.

ಅತ್ತೆ ಹುಟ್ಟಾ ಹೆದರುಪುಕ್ಕಲಿಯೇನಲ್ಲ. ಬಟ್ಟೆ ಗಿರಣಿಯಲ್ಲಿ ಮೇಲ್ವಿಚಾರಕಿಯಾಗಿ, ಮಗ್ಗಗಳ ಗದ್ದಲವನ್ನೂ ಮೀರಿಸುವ ದನಿಯಲ್ಲಿ ಗಂಡಸರನ್ನೆಲ್ಲ ಗದರಿಸಿಕೊಂಡು ಬಂದವರು. ನಿವೃತ್ತರಾದ ಮೇಲೆ ಒಂದು ದಿನ ಮಾರ್ಕೆಟ್ಟಿನ ನಡುವೆ ಅವರ ಎದೆ ಇದ್ದಕ್ಕಿದ್ದಂತೆ ಡವಡವ ಹೊಡೆದುಕೊಂಡಿತು. ಉಸಿರು ಕಟ್ಟಿತು, ಬೆರಳುಗಳು ಜೋಮು ಹಿಡಿದವು. ಇನ್ನೇನು ಪ್ರಾಣ ಹೋಯಿತು ಎಂದುಕೊಂಡು ಆಸ್ಪತ್ರೆಗೆ ಹೋದರೆ, ಡಾಕ್ಟರು ಎಲ್ಲ ಪರೀಕ್ಷೆ ಮಾಡಿ, "ಹೃದಯ ಕಲ್ಲುಗುಂಡಿನ ಹಾಗಿದೆ, ಹೋಗಿ" ಎಂದರು. ಆದರೆ ಅಂದಿನಿಂದ ಅತ್ತೆ ಒಬ್ಬರೇ ಇರುವುದು ನಿಂತುಹೋಯಿತು. ಸ್ನಾನದ ಮನೆಯ ಚಿಲಕ ಹಾಕುತ್ತಿರಲಿಲ್ಲ. ಸೊಸೆ ಕಸ ಚೆಲ್ಲಲು ಕೆಳಗಿಳಿದರೂ ಮೆಟ್ಟಿಲ ಮೇಲಿಂದ, "ಬಂದ್ಯಾ? ಬರ್ತಿದ್ದೀಯಾ?" ಎಂದು ಕೂಗುತ್ತಿದ್ದರು. ಸೊಸೆ ಅಂಗಡಿಗೆ ಹೋದರೆ ಅತ್ತೆಯೂ ಅಂಗಡಿಗೆ. ಗಾಜಿನ ಕಪಾಟಿನ ಪಕ್ಕ ಅವರಿಗೊಂದು ಕುರ್ಚಿಯನ್ನು ಅಂಗಡಿಯ ಮಾಲೀಕನೇ ಹಾಕಿಸಿದ್ದ. ಮಗ ಜೊತೆಗಿದ್ದರೂ ಭಯವಾಗುತ್ತಿರಲಿಲ್ಲ. ಆದರೆ ಮೇಷ್ಟ್ರ ಪಾಠಗಳು ಬೆಳಗ್ಗೆಯಿಂದ ಕತ್ತಲಾಗುವವರೆಗೂ ಇರುತ್ತಿದ್ದವು. ಹೀಗೆ ಕನ್ನಡಕದಕ್ಕನ ಪ್ರಪಂಚ ಮಹಡಿಯ ಮನೆ, ಕೆಳಗಿನ ಅಂಗಡಿ, ನಡುವಿನ ಮೆಟ್ಟಿಲು, ಇಷ್ಟಕ್ಕೆ ಬಂದು ನಿಂತಿತ್ತು. ಎಷ್ಟೋ ವರ್ಷಗಳಿಂದ ಆಕೆ ಒಬ್ಬಳೇ ಒಂದು ಬೀದಿಯನ್ನೂ ಪೂರ್ತಿ ನಡೆದಿರಲಿಲ್ಲ.

ಕಾಲೇಜಿನ ದಿನಗಳಲ್ಲಿ ಬಿ.ಎ.ಗೆ ಆಕೆ ಓದಿದ್ದು ಮನಶ್ಶಾಸ್ತ್ರ. ಮುಂದೆ ಓದಬೇಕೆಂಬ ಆಸೆ ಮದುವೆಯ ಗಡಿಬಿಡಿಯಲ್ಲಿ ಮೂಲೆ ಸೇರಿತ್ತು. ಊರಿನ ಕಾಲೇಜಿನಲ್ಲಿ ಸಂಜೆ ತರಗತಿಯ ಎಂ.ಎ. ಶುರುವಾಗಿದೆ ಎಂದು ಕಂಡುಹಿಡಿದವಳು ಮಗಳು.

"ಅಮ್ಮಾ, ಅಪ್ಲೈ ಮಾಡ್ಬಿಡು. ಅಜ್ಜಿ ವಿಷಯ ಆಮೇಲೆ ನೋಡ್ಕೊಳ್ಳೋಣ," ಎಂದಳು ಫೋನಿನಲ್ಲಿ.

"ನೋಡ್ಕೊಳ್ಳೋಳು ಯಾರು, ನೀನಾ?" ಎಂದು ಇವಳು ನಕ್ಕಳು. ಆದರೂ ಅರ್ಜಿ ಹಾಕಿದಳು.

ಗಂಡನಿಗೆ ಹೇಳಿದಾಗ ಅವರು ಬೇಡ ಎನ್ನಲಿಲ್ಲ. ಅವರು ಯಾವುದಕ್ಕೂ ಬೇಡ ಎನ್ನುವವರಲ್ಲ. "ಓದು, ಸಂತೋಷ. ಆದ್ರೆ ಅಮ್ಮಂಗೆ ತೊಂದ್ರೆ ಆಗ್ಬಾರ್ದು ನೋಡು," ಎಂದು ಶೇವಿಂಗ್ ಮುಂದುವರಿಸಿದರು.

ಸಂದರ್ಶನದ ದಿನ ಅತ್ತೆಯೂ ಬಸ್ಸು ಹತ್ತಿದರು. ಒಳಗೆ ವಿಭಾಗದ ಮುಖ್ಯಸ್ಥೆ ಮತ್ತು ಇನ್ನಿಬ್ಬರು ಕೂತಿದ್ದರು. ಇಷ್ಟು ವರ್ಷಗಳ ನಂತರ ಯಾಕೆ ಓದಬೇಕೆನಿಸಿತು ಎಂದು ಕೇಳಿದರು. ಕನ್ನಡಿ ಮುಂದೆ ಗಟ್ಟಿ ಮಾಡಿಕೊಂಡು ಬಂದಿದ್ದ ಉತ್ತರವನ್ನು ಆಕೆ ಒಪ್ಪಿಸತೊಡಗಿದಳು. ಆದರೆ ಮೂವರ ಕಣ್ಣೂ ಆಕೆಯ ಬೆನ್ನ ಹಿಂದೆ ಹೋಗುತ್ತಿದ್ದವು. ಬಾಗಿಲ ಗಾಜಿಗೆ ಮೂಗು ಒತ್ತಿಕೊಂಡು ಅತ್ತೆ ನಿಂತಿದ್ದರು.

"ಅವರು ಯಾರು?"

"ನಮ್ಮ ಅತ್ತೆ, ಮೇಡಂ. ಒಬ್ಬರೇ ಇರೋಕಾಗಲ್ಲ ಅವರಿಗೆ."

"ಹಾಗಾದ್ರೆ ಕ್ಲಾಸಿಗೂ ಬರ್ತಾರಾ?" ಎಂದು ಮುಖ್ಯಸ್ಥೆ ತಮಾಷೆಗೆ ಕೇಳಿದರು.

"ಹೂಂ ಮೇಡಂ," ಎಂದಳು ಆಕೆ.

ಯಾರೂ ನಗಲಿಲ್ಲ. ಸೀಟು ಸಿಕ್ಕಿತು. ಯಾವುದಕ್ಕೆ ಸಿಕ್ಕಿತೆಂದು ಆಕೆಗೆ ಕೊನೆಗೂ ತಿಳಿಯಲಿಲ್ಲ. ತನ್ನ ಉತ್ತರಕ್ಕಂತೂ ಇರಲಾರದು ಎಂದುಕೊಂಡಳು.

ಹೀಗೆ ಕೊನೆಯ ಬೆಂಚಿನ ಗೋಡೆ ಮಗ್ಗುಲಿನ ಜಾಗ ಅತ್ತೆಯದಾಯಿತು. ಸ್ವೆಟರ್ ಹೆಣೆಯುವ ಕಡ್ಡಿ, ಉಣ್ಣೆಯ ಉಂಡೆ, ನೀರಿನ ಬಾಟಲಿ ಹಿಡಿದು ಅವರು ಬಂದು ಕೂತರೆಂದರೆ ಪಾಠ ಶುರುವೆಂದೇ ಲೆಕ್ಕ. ಮಗಳ ವಯಸ್ಸಿನ ಸಹಪಾಠಿಗಳು ಅಜ್ಜೀ ಅಜ್ಜೀ ಎಂದು ಹಚ್ಚಿಕೊಂಡರು, ಟೀ ತಂದುಕೊಟ್ಟರು. ಅತ್ತೆಗೋ ಗಿರಣಿಯ ದಿನಗಳು ಮರಳಿ ಬಂದ ಹಾಗೆ. ತಡವಾಗಿ ಬಂದವರನ್ನು ಗದರಿಸತೊಡಗಿದರು. ಮಕ್ಕಳ ಹಟದ ಬಗ್ಗೆ ಪಾಠ ನಡೆಯುವಾಗ ಎದ್ದು ನಿಂತು, "ನನ್ನ ಮಗನೂ ಹಾಗೇ ಇದ್ದ, ಒಂದು ಬಿಟ್ಟೆ ನೋಡಿ, ಸರಿಹೋದ," ಎಂದರು. ತರಗತಿ ಗೊಳ್ಳೆಂದಿತು. ಕನ್ನಡಕದಕ್ಕನೂ ನಕ್ಕಳು. ಆದರೆ ಮಧ್ಯದ ವಿರಾಮದಲ್ಲಿ ಉಳಿದವರೆಲ್ಲ ಕ್ಯಾಂಟೀನಿಗೆ ಹೊರಟಾಗ ಆಕೆ ಕೊನೆಯ ಬೆಂಚಿಗೆ ಬಂದು ಕೂರಬೇಕಿತ್ತು. "ಬನ್ನಿ ಅಕ್ಕಾ" ಎಂದು ಕರೆಯುತ್ತಿದ್ದವರು ಕೆಲವು ವಾರಗಳಲ್ಲಿ ಕರೆಯುವುದನ್ನು ಬಿಟ್ಟರು. ಅಜ್ಜಿಯ ಸೊಸೆ ಎಂಬುದಷ್ಟೇ ಆಕೆಯ ಗುರುತಾಯಿತು.

ಎರಡನೆಯ ಸೆಮಿಸ್ಟರಿನಲ್ಲಿ ಒಂದು ಸಂಜೆ ಮುಖ್ಯಸ್ಥೆ ಭಯದ ಕಾಯಿಲೆಗಳ ಪಾಠ ತೆಗೆದುಕೊಂಡರು. ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು, ಸತ್ತೇಹೋದೆ ಅನ್ನಿಸುವುದು. ಆಮೇಲೆ ಅದು ಮತ್ತೆ ಬಂದೀತೆಂಬ ಭಯಕ್ಕೇ ಹೆದರಿ ಮನೆ ಬಿಟ್ಟು ಕದಲದೆ ಇರುವುದು, ಇನ್ನೊಬ್ಬರಿಗೆ ಅಂಟಿಕೊಂಡೇ ಇರುವುದು. ಹಿಂದಿನ ಬೆಂಚಿನಲ್ಲಿ ಕಡ್ಡಿಗಳ ಟಿಕಟಿಕ ನಿಂತಿತು. ತಿರುಗಿ ನೋಡುವ ಧೈರ್ಯ ಆಕೆಗೆ ಬರಲಿಲ್ಲ.

ಬಸ್ಸಿನಲ್ಲಿ ಅತ್ತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದರು.

"ನನ್ನ ವಿಷಯ ಎಲ್ಲಾ ಆ ಮೇಡಂಗೆ ಹೇಳ್ಬಿಟ್ಟಿದ್ದೀಯ."

"ಇಲ್ಲ ಅತ್ತೆ, ನಿಮ್ಮಾಣೆ. ಅದು ಪುಸ್ತಕದಲ್ಲಿರೋದು."

"ನನ್ನ ವಿಷಯ ಪುಸ್ತಕದಲ್ಲಿ ಹೇಗೆ ಬಂತು?"

ಮರುದಿನ ಅತ್ತೆ ಕಾಲೇಜಿಗೆ ಬರುವುದಿಲ್ಲ ಎಂದರು. ಮನೆಯಲ್ಲಿ ಒಬ್ಬರೇ ಇರುವುದೂ ಇಲ್ಲ ಎಂದರು. "ಅಲ್ಲಿಗೆ ಬಂದ್ರೆ ಎಲ್ಲರೂ ನನ್ನ ಮುಖಾನೇ ನೋಡ್ತಾರೆ. ನಾನೇನು ಪ್ರದರ್ಶನದ ಗೊಂಬೆನಾ?" ಗಂಡ ಒಂದೆರಡು ಸಂಜೆ ಪಾಠ ಬಿಟ್ಟು ಮನೆಯಲ್ಲಿ ಕೂತರು. ಆಮೇಲೆ, "ನನ್ನ ಕೆಲಸಾನೂ ನೋಡ್ಬೇಕಲ್ಲ," ಎಂದು ಕಾರಿನ ಕೀ ತೆಗೆದುಕೊಂಡು ಹೊರಟರು. ಬಹಳಷ್ಟು ಸಂಜೆಗಳನ್ನು ಕನ್ನಡಕದಕ್ಕ ಅಡುಗೆಮನೆಯ ಕಿಟಕಿಯಲ್ಲಿ ನಿಂತು, ಕಾಲೇಜಿನ ಕಡೆ ಹೋಗುವ ಬಸ್ಸು ತಿರುವಿನಲ್ಲಿ ಮರೆಯಾಗುವುದನ್ನು ನೋಡುತ್ತ ಕಳೆದಳು. ಹಾಜರಿ ಕಡಿಮೆಯಾಗಿದೆ ಎಂದು ಕಾಲೇಜಿನಿಂದ ಎಚ್ಚರಿಕೆಯ ಪತ್ರ ಬಂತು. ಅದನ್ನು ಅತ್ತೆಯ ಮುಂದೆಯೇ ಗಟ್ಟಿಯಾಗಿ ಓದಿದಳು. ಅತ್ತೆ ಕೊನೆಗೆ ಉಣ್ಣೆಯ ಉಂಡೆಯನ್ನು ಚೀಲಕ್ಕೆ ಹಾಕಿಕೊಂಡು, "ನಡಿ. ನನ್ನಿಂದ ಹಾಳಾಯ್ತು ಅನ್ನಿಸ್ಕೊಳ್ಳೋದು ಬೇಡ," ಎಂದರು.

ಪರೀಕ್ಷೆಯ ಹಾಲಿನೊಳಗೆ ಅವರನ್ನು ಬಿಡುವಂತಿರಲಿಲ್ಲ. ಗೇಟಿನ ಕಾವಲುಗಾರನ ಕೋಣೆಯಲ್ಲಿ ಕೂರಿಸಿ ಬಂದಿದ್ದಾಯಿತು. ಮೊದಲ ಪತ್ರಿಕೆಗಳು ಹೇಗೋ ಮುಗಿದವು. ಸಂಖ್ಯಾಶಾಸ್ತ್ರದ ದಿನ ಕಾವಲುಗಾರ ಬೀಗ ತರಲೆಂದು ಆಚೆ ಹೋದ. ಆಕೆ ಎರಡನೆಯ ಪ್ರಶ್ನೆಯ ಲೆಕ್ಕದ ನಡುವೆ ಇದ್ದಳು. ಹೊರಗೆ ಗಿರಣಿಯ ಆ ಹಳೆಯ ದನಿ ಕೇಳಿಸಿತು, "ಎಲ್ಲಿದ್ದೀಯೇ! ನನಗಾಗ್ತಿಲ್ಲ ಕಣೇ!" ಹಾಲಿನಲ್ಲಿದ್ದವರೆಲ್ಲ ತಲೆಯೆತ್ತಿದರು. ಆಕೆ ಪೆನ್ನು ಇಟ್ಟು ಎದ್ದಳು. "ಹೊರಗೆ ಹೋದ್ರೆ ಮತ್ತೆ ಒಳಗೆ ಬಿಡಲ್ಲ," ಎಂದರು ಮೇಲ್ವಿಚಾರಕರು. "ಗೊತ್ತು ಸಾರ್," ಎಂದು ಆಕೆ ಹೊರಟುಹೋದಳು. ಕಾರಿಡಾರಿನಲ್ಲಿ ಬೆವೆತು ಹಣ್ಣಾಗಿದ್ದ ಅತ್ತೆ ಆಕೆಯ ತೋಳು ಹಿಡಿದ ತಕ್ಷಣ ಸರಾಗವಾಗಿ ಉಸಿರಾಡತೊಡಗಿದರು. ಆ ಸರಾಗ ಉಸಿರನ್ನು ಕೇಳಿ ಮೊದಲ ಸಲ ಆಕೆಗೆ ಸಿಟ್ಟು ಬಂತು. ಎಂಥ ಸಿಟ್ಟೆಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲೂ ಆಗದೆ ಕಂಬಿ ಹಿಡಿದು ನಿಂತೇ ಬಂದಳು. ಆ ಪತ್ರಿಕೆ ಫೇಲಾಯಿತು.

ಎರಡನೆಯ ವರ್ಷ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತರಬೇತಿ. ಅಲ್ಲಿ ಆಕೆಗೆ ಮಾರ್ಗದರ್ಶಕಿಯಾಗಿದ್ದವರು ಮಾತು ಕಡಿಮೆಯ ಒಬ್ಬ ಹಿರಿಯ ಆಪ್ತಸಲಹೆಗಾರ್ತಿ. ಹೊರರೋಗಿಗಳು ಕಾಯುವ ಸಾಲಿನಲ್ಲಿ ಅತ್ತೆಗೆ ಜಾಗ ಸಿಕ್ಕಿತ್ತು. ಆಸ್ಪತ್ರೆಯಲ್ಲಂತೂ ಅವರಿಗೆ ಭಯವೇ ಇರಲಿಲ್ಲ, ಸುತ್ತ ಡಾಕ್ಟರುಗಳಿದ್ದರಲ್ಲ! ಪ್ರತಿಯೊಬ್ಬರೂ ಒಂದು ಪ್ರಕರಣ ಮಂಡಿಸಬೇಕಿತ್ತು. ಆಕೆ ಗುರುತು ಮರೆಸಿ, ಒಬ್ಬ ವೃದ್ಧೆ, ಆಕೆಯನ್ನು ಬಿಟ್ಟಿರದ ಒಬ್ಬ ಸೊಸೆ ಎಂದು ಹೇಳಿಕೊಂಡು ಹೋದಳು. ಮಾರ್ಗದರ್ಶಕಿ ಕೊನೆಯವರೆಗೂ ಕೇಳಿ, ಬೇರೆಯವರೆಲ್ಲ ಎದ್ದುಹೋದ ಮೇಲೆ ಕೇಳಿದರು.

"ಈ ಸೊಸೆ ನೀವೇ ಅಲ್ವಾ? ಎಷ್ಟು ವರ್ಷದಿಂದ ಹೀಗೆ ಜೊತೆಗಿದ್ದೀರಿ?"

ಆಕೆ ತಲೆ ತಗ್ಗಿಸಿದಳು. "ಶುರುವಿನಿಂದ್ಲೂ, ಮೇಡಂ."

"ಕೂಗಿದಾಗೆಲ್ಲ ನೀವು ಓಡಿ ಬಂದ್ರಿ. ಹಾಗಾಗಿ, ನೀವು ಬರದಿದ್ರೂ ತಾನು ಬದುಕಿರ್ತೀನಿ ಅನ್ನೋದು ಅವರಿಗೆ ಗೊತ್ತಾಗೋಕೇ ಸಂದರ್ಭ ಸಿಗ್ಲಿಲ್ಲ. ತಪ್ಪು ಅಂತಿಲ್ಲ ನಾನು. ಮನೆಯೋರು ಎಲ್ಲರೂ ಮಾಡೋದೇ ಇದು."

"ಹಾಗಾದ್ರೆ ನಾನೇ ಸ್ವಲ್ಪಸ್ವಲ್ಪ ಅಭ್ಯಾಸ ಮಾಡಿಸ್ಲಾ?"

"ನೀವು ಬೇಡ. ನೀವು ಅವರಿಗೆ ಸೊಸೆ. ನನ್ನ ಹತ್ತಿರ ಕಳ್ಸಿ."

ಆ ಮಾತು ಆಕೆಯನ್ನು ಹಣ್ಣು ಮಾಡಿತು. ಇಷ್ಟು ದಿನ ತಾನು ಬಂದಿಯೆಂದು ಕೊರಗುತ್ತಿದ್ದವಳಿಗೆ, ಬಾಗಿಲಿಗೆ ಅಡ್ಡ ನಿಂತಿರುವುದೂ ತಾನೇ ಎಂದು ಕೇಳಿ ಯಾರ ಮೇಲೆ ಸಿಟ್ಟಾಗಬೇಕೋ ತಿಳಿಯಲಿಲ್ಲ. ಮನೆಯಲ್ಲಿ ಮೆಲ್ಲಗೆ ಪ್ರಸ್ತಾಪಿಸಿದರೆ ಅತ್ತೆ, "ನಂಗೇನು ಹುಚ್ಚಾ?" ಎಂದು ತಟ್ಟೆ ಸರಿಸಿದರು. ಮೇಷ್ಟ್ರು, "ನಿನ್ನ ಓದು ನಿನಗೆ. ನಮ್ಮಮ್ಮನ ಮೇಲೆ ಪ್ರಯೋಗ ಮಾಡ್ಬೇಡ," ಎಂದರು. ಆ ತಿಂಗಳುಗಳಲ್ಲಿ ಮನೆ ಆಕೆಗೆ ಎಷ್ಟು ಇಕ್ಕಟ್ಟಾಯಿತೆಂದರೆ, ಬಟ್ಟೆ ಒಣಹಾಕುವ ನೆಪದಲ್ಲಿ ಬಾಲ್ಕನಿಗೆ ಹೋಗಿ, ಒದ್ದೆ ಬಟ್ಟೆಗಳ ನಡುವೆ ಸುಮ್ಮನೆ ನಿಲ್ಲುತ್ತಿದ್ದಳು. ಕೂಗು ಬರುವವರೆಗೆ ಆ ನೆರಳಷ್ಟೇ ಅವಳದು.

ಫೇಲಾದ ಪತ್ರಿಕೆಯನ್ನು ಮತ್ತೆ ಬರೆಯುವ ದಿನ ಬಂತು. ಇದು ಹೋದರೆ ಪದವಿ ಇನ್ನೊಂದು ವರ್ಷ ಮುಂದಕ್ಕೆ. ಕಾವಲುಗಾರನ ಕೋಣೆಗೆ ಇನ್ನು ಕಾಲಿಡುವುದಿಲ್ಲ ಎಂದು ಅತ್ತೆ ಹಟ ಹಿಡಿದಿದ್ದರು. ಮೇಷ್ಟ್ರು ಮನೆಯಲ್ಲಿರುತ್ತೇನೆಂದು ಒಪ್ಪಿಕೊಂಡಿದ್ದವರು, ಬೆಳಗ್ಗೆ ಫೋನು ಬಂತೆಂದು, "ಇವತ್ತು ನನ್ನ ಹುಡುಗರಿಗೆ ಲೈಸೆನ್ಸ್ ಟೆಸ್ಟು, ಮರೆತೇಬಿಟ್ಟಿದ್ದೆ," ಎನ್ನುತ್ತ ಹೊರಟುಬಿಟ್ಟರು.

ಕನ್ನಡಕದಕ್ಕ ಚೀಲ ಹೆಗಲಿಗೆ ಹಾಕಿಕೊಂಡಳು. "ಅತ್ತೆ, ನಾನು ಹೋಗ್ತೀನಿ. ಮಧ್ಯಾಹ್ನ ಬರ್ತೀನಿ."

"ನಾನು?"

"ನೀವು ಇಲ್ಲೇ ಇರಿ."

ಅತ್ತೆ ಸೆರಗು ಹಿಡಿದುಕೊಂಡರು. ಆ ಬೆರಳುಗಳನ್ನು ಆಕೆ ಒಂದೊಂದಾಗಿ ಬಿಡಿಸಿದಳು. ಮೆಟ್ಟಿಲು ಇಳಿಯುವಾಗ ಮೇಲಿಂದ, "ಸಾಯ್ತೀನಿ ಕಣೇ! ನೀನು ಬರೋ ಹೊತ್ತಿಗೆ ಹೆಣ ಬಿದ್ದಿರುತ್ತೆ!" ಎಂಬ ಕೂಗು. ಅಂಗಡಿಯ ಮಾಲೀಕ ಹೊರಬಂದು ನೋಡುತ್ತಿದ್ದ. ಆಕೆ ತಿರುಗಲಿಲ್ಲ. ಪತ್ರಿಕೆ ಬರೆದಳು. ಏನು ಬರೆದಳೋ, ಕೈ ಬರೆಯುತ್ತಿತ್ತು, ಕಿವಿ ಮಾತ್ರ ಕಿಟಕಿಯಾಚೆ ಇತ್ತು.

ವಾಪಸು ಬಂದಾಗ ಅತ್ತೆ ಅಂಗಡಿಯಲ್ಲಿ ತಮ್ಮ ಕುರ್ಚಿಯ ಮೇಲೆ ಕೂತಿದ್ದರು. ಕೂದಲು ಕೆದರಿತ್ತು, ಕಣ್ಣು ಕೆಂಪಾಗಿತ್ತು.

"ಸಿಟ್ಟಲ್ಲಿ ಒಬ್ರೇ ಇಳಿದು ಬಂದ್ರು. ಅದೂ ಈಗ, ಸ್ವಲ್ಪ ಹೊತ್ತಿನ ಮುಂಚೆ. ಅಲ್ಲೀವರೆಗೂ ಮೇಲೆ ಒಬ್ರೇ ಇದ್ರು," ಎಂದು ಮಾಲೀಕ ಪಿಸುಗುಟ್ಟಿದ.

ಅತ್ತೆ ಸೊಸೆಯನ್ನು ದುರುಗುಟ್ಟಿ ನೋಡಿ, ಯಾರೋ ಮೋಸ ಮಾಡಿದಂಥ ದನಿಯಲ್ಲಿ ಹೇಳಿದರು, "ಸಾಯ್ಲಿಲ್ಲ."

ಆಮೇಲೆ ಎಷ್ಟೋ ದಿನ ಅವರು ಸೊಸೆಯೊಂದಿಗೆ ಮಾತಾಡಲಿಲ್ಲ. ಮೇಷ್ಟ್ರೂ ಮುಖ ಗಂಟಿಕ್ಕಿಕೊಂಡೇ ಇದ್ದರು. ಫಲಿತಾಂಶ ಬಂದು ಪಾಸಾದಾಗ ಮನೆಯಲ್ಲಿ ಅದನ್ನು ಹೇಳಿದ್ದು ಮಗಳು, ಫೋನಿನಲ್ಲಿ. ಆದರೆ ಒಂದು ಬೆಳಗ್ಗೆ ಅತ್ತೆ ಗೋಡೆಗೆ ಹೇಳುವವರ ಹಾಗೆ, "ಆ ಆಸ್ಪತ್ರೆ ಮೇಡಂ ಹತ್ರ ಹೋಗಿ ಬರ್ತೀನಿ. ಇವಳು ಒಳಗೆ ಬರ್ಬಾರ್ದು," ಎಂದರು. ಕನ್ನಡಕದಕ್ಕ ಹೊರಗಿನ ಸಾಲಿನಲ್ಲಿ ಕೂತಳು. ಬಾಗಿಲು ಮುಚ್ಚಿತು. ಒಳಗಿನಿಂದ ಅತ್ತೆಯ ದನಿ, ನಡುವೆ ಒಮ್ಮೆ ಅಳು ಕೇಳಿಸಿತು. ಆಕೆ ಎದ್ದು ನಿಂತಳು, ಮತ್ತೆ ಕೂತಳು.

ವರ್ಷ ತುಂಬುವುದರೊಳಗೆ ಅತ್ತೆ ಅರ್ಧ ದಿನ ಒಬ್ಬರೇ ಇರುವಷ್ಟಾದರು. ಪೂರ್ತಿ ವಾಸಿ ಎಂದೇನೂ ಅಲ್ಲ. ಮಾರ್ಕೆಟ್ಟಿಗೆ ಈಗಲೂ ಹೋಗುವುದಿಲ್ಲ. ಆದರೆ ಸ್ನಾನದ ಮನೆಯ ಚಿಲಕ ಹಾಕಿಕೊಳ್ಳುತ್ತಾರೆ. ಕನ್ನಡಕದಕ್ಕನ ಕೈಗೆ ಎಂ.ಎ. ಪದವಿ ಬಂತು. ಪಕ್ಕದ ಊರಿನ ಆಸ್ಪತ್ರೆಯಲ್ಲಿ ಪೂರ್ಣಾವಧಿಯ ಆಪ್ತಸಲಹೆಗಾರ್ತಿಯ ಕೆಲಸವಿದೆ ಎಂದು ಮಾರ್ಗದರ್ಶಕಿ ತಾವಾಗಿ ಹೇಳಿದರು. ಆಕೆ ಅಲ್ಲೇ, ನಿಂತ ಕಾಲ ಮೇಲೆ, "ಆಗಲ್ಲ ಮೇಡಂ, ಮನೇಲಿ ಕಷ್ಟ," ಎಂದುಬಿಟ್ಟಳು.

"ಮನೇಲಿ ಕೇಳಿದ್ರಾ? ಯಾರು ಬೇಡ ಅಂದ್ರು?"

ಯಾರೂ ಅಂದಿರಲಿಲ್ಲ. ಆಕೆ ಕೇಳಿಯೇ ಇರಲಿಲ್ಲ.

ಈಗ ಆಕೆ ಊರಿನ ಆಸ್ಪತ್ರೆಯಲ್ಲೇ ವಾರಕ್ಕೆರಡು ಮಧ್ಯಾಹ್ನ ಕೆಲಸ ಮಾಡುತ್ತಾಳೆ, ಉಳಿದ ದಿನ ಅಂಗಡಿ. ಮೊದಲ ದಿನ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಎದುರಿಗೆ ಕೂತು ಅಳುತ್ತ ತನ್ನ ಕಥೆ ಹೇಳುತ್ತಿದ್ದಳು. ಕನ್ನಡಕದಕ್ಕ ಕೇಳುತ್ತಿದ್ದಳು, ಆದರೆ ಮೇಜಿನ ಮೇಲೆ ಮಗುಚಿಟ್ಟಿದ್ದ ಫೋನಿನಿಂದ ಕಣ್ಣು ಕೀಳಲಾಗುತ್ತಿರಲಿಲ್ಲ. ಅದು ರಿಂಗಾಗಲಿಲ್ಲ. ಆ ಹೆಂಗಸು ಹೋದ ಕೂಡಲೇ ಕಾರಿಡಾರಿಗೆ ಬಂದು ತಾನೇ ಮನೆಗೆ ಫೋನು ಮಾಡಿದಳು. ತನ್ನ ಎದೆ ಹೊಡೆದುಕೊಳ್ಳುತ್ತಿದ್ದುದು ಆಕೆಗೆ ಆಗ ಗೊತ್ತಾಯಿತು.

"ಏನೇ? ಏನಾಯ್ತು?" ಎಂದರು ಅತ್ತೆ.

"ಏನಿಲ್ಲ ಅತ್ತೆ. ಹೇಗಿದ್ದೀರಾ ಅಂತ."

"ಟೀವಿ ನೋಡ್ತಿದ್ದೀನಿ. ಆಮೇಲೆ ಮಾಡು," ಎಂದು ಅತ್ತೆ ಫೋನಿಟ್ಟರು.

ಮುಂದಿನವರನ್ನು ಒಳಗೆ ಕಳಿಸಲೇ ಎಂದು ನರ್ಸ್ ಎರಡು ಸಲ ಕೇಳಿದ ಮೇಲೆ ಆಕೆ ಫೋನನ್ನು ಕಿವಿಯಿಂದ ಇಳಿಸಿದಳು.